ಸಾವಕಾರರ ಮೂಗು

ಹುಬ್ಬಳ್ಳಿಯಲ್ಲಿ ಒಬ್ಬ ಕಾರು ಮಿಸ್ತ್ರಿ ಇದ್ದ. ಅವನ ಗ್ಯಾರೇಜಿನ ಜಾಗ ನೀಲಕಂಠಪ್ಪ ಸಾವಕಾರರದು. ಊರ ಮೈದಾನದಲ್ಲಿ ಕಾರು ರೇಸು ಇದ್ದ ದಿನ ಬೆಳಿಗ್ಗೆಯೇ ಸಾವಕಾರರು ಕೆಂಪು ಕಾರಿನಲ್ಲಿ ಬಂದಿಳಿದರು. ಕೈಯಲ್ಲಿ ಫಳಫಳ ಹೊಳೆಯುವ ದಪ್ಪ ಪೈಪು, ಅದರ ತುದಿಗೊಂದು ಏರ್ ಫಿಲ್ಟರ್.

“ಇದರಿಂದ ಎಂಜಿನ್ನಿಗೆ ಗಾಳಿ ಜಾಸ್ತಿ ಹೋಗತೈತಿ. ಬಾನೆಟ್ ತೆಗೆದ ಕೂಡಲೇ ಮಂದಿಗೆ ಕಾಣಬೇಕು, ಎಂಜಿನ್ ಪಕ್ಕಕ್ಕೇ ಕೂಡಿಸು. ಇವತ್ತು ಸೋತರೆ ಸಂಜೀಕೆ ಗ್ಯಾರೇಜ್ ಖಾಲಿ ಮಾಡು.”

ಎಂಜಿನ್ ಪಕ್ಕದ್ದು ಬಿಸಿಗಾಳಿ. ಅದನ್ನು ಕುಡಿದ ಕಾರು ಜೋರಾಗಿ ಓಡುವುದಿಲ್ಲ. ಹಾಗಂತ ಹೇಳಿದರೆ ಸಾವಕಾರರು ಕೇಳುವವರಲ್ಲ. ಮಿಸ್ತ್ರಿ ಬಾನೆಟ್ ತೆಗೆದು ಎಂಜಿನ್ ಚಾಲೂ ಮಾಡಿ ಕೈಮುಗಿದ.

“ಇದು ಕಾರಿನ ಮೂಗು ರೀ. ನಿಮ್ಮಂಥ ದೊಡ್ಡವರ ಮೂಗಿಗೆ ಹಿತ ಅನಿಸಿದ ಜಾಗದಾಗ ಕೂಡಿಸೋದು ಪದ್ಧತಿ. ಸ್ವಲ್ಪ ಬಗ್ಗಿ ಉಸಿರು ಎಳಕೊಳ್ರಿ.”

ಸಾವಕಾರರು ಹೆಮ್ಮೆಯಿಂದ ಎಂಜಿನ್ ಪಕ್ಕಕ್ಕೆ ಬಗ್ಗಿದರು. ಮೀಸೆ ಬಿಸಿಯಾಯಿತು. ರೇಡಿಯೇಟರ್ ಹಿಂದೆ ಮೂಗಿಟ್ಟರು. ಕಣ್ಣಲ್ಲಿ ನೀರು ಬಂತು. ಜರುಗುತ್ತಾ ಜರುಗುತ್ತಾ ಕೊನೆಗೆ ಬಂಪರಿನ ಮುಂದೆ ಮಂಡಿಯೂರಿ ಕೂತರು. ದೃಷ್ಟಿಗೆ ಕಟ್ಟಿದ ನಿಂಬೆಹಣ್ಣು ಹಣೆಗೆ ತಾಗುತ್ತಿತ್ತು.

“ಇಲ್ಲೇ ಕೂಡಿಸೋ, ಇಲ್ಲೇ. ಇಲ್ಲಿ ತಂಪೈತಿ.”

“ಅಲ್ಲಿ ಮಂದಿಗೆ ಕಾಣೂದಿಲ್ರಿ.”

“ನನ್ನ ಮೂಗಿಗಿಂತ ನಿನಗ ಜಾಸ್ತಿ ಗೊತ್ತೇನು?”

ಮಿಸ್ತ್ರಿ ಪೈಪನ್ನು ಮುಂದಕ್ಕೆ ಎಳೆದು ಬಂಪರಿನ ಒಳಬದಿಗೆ ಕೂಡಿಸಿದ. ಮಧ್ಯಾಹ್ನ ಕೆಂಪು ಕಾರು ಬಾಣದಂತೆ ಹೋಗಿ ಎಲ್ಲರಿಗಿಂತ ಮೊದಲು ಗೆರೆ ದಾಟಿತು. “ಜಾಗ ಹುಡುಕಿದವನು ನಾನು” ಎಂದು ಸಾವಕಾರರು ಮೈದಾನದ ತುಂಬ ಹೇಳಿಕೊಂಡು ತಿರುಗಿದರು. ಗ್ಯಾರೇಜ್ ಖಾಲಿ ಮಾಡುವ ಮಾತೇ ಬರಲಿಲ್ಲ.

ಮರುದಿನ ಅಂಥದೇ ಪೈಪು ಹಿಡಿದು ಮೂರು ಕಾರಿನವರು ಸಾಲಾಗಿ ನಿಂತರು. ಮಿಸ್ತ್ರಿ ಸಾವಕಾರರಿಗೆ ಫೋನು ಮಾಡಿದ.

“ಸಾವಕಾರ್ರ, ಮೂಗು ತಗೊಂಡು ಲಗೂನ ಬರ್ರಿ. ಕೆಲಸ ನಿಂತೈತಿ.”