ಗಂಟೆ ಕಳಚಿದ ಕೊರಳು

ಮನುಷ್ಯನೊಬ್ಬನನ್ನು ಗುದ್ದಿ ರಸ್ತೆಯಲ್ಲೇ ಬಿಟ್ಟು ಹೋದವನು ನಾಲ್ಕನೆಯ ದಿನ ಮಠಕ್ಕೆ ಬಂದು ವಿನಯದ ಬಗ್ಗೆ ಪ್ರಶ್ನೆ ಕೇಳಿದ.

“ಅಜ್ಜಾರ, ನನ್ನ ಕಾರಿನ ಹಿಂದ ಮೂರು ಅಕ್ಷರ ಅದಾವ. ಬೆಳ್ಳಿಗತೆ ಹೊಳೀತಾವ. ಇದು ಭಾರಿ ಗಾಡಿ ಅಂತ ಊರಿಗೆಲ್ಲ ಸಾರತಾವ. ನನಗ ಅದು ಅಹಂಕಾರ ಅನಸ್ತದ. ಕಿತ್ತು ಹಾಕಲೇನ್ರಿ?”

ಮಠದ ಗುರುಗಳ ಗುರುವಾರದ ಪ್ರವಚನ ಆಗಷ್ಟೇ ಮುಗಿದಿತ್ತು. ಸಭೆಯಲ್ಲಿ ನಲವತ್ತು ಮಂದಿ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಅವನು ದನಿ ಎತ್ತಿ ಕೇಳಿದ.

ಅವನ ಹೆಸರು ಸಂಗನಬಸವ. ಸಿಮೆಂಟಿನ ವ್ಯಾಪಾರಿ. ಹತ್ತು ವರ್ಷದಿಂದ ಮಠದ ಶಿಷ್ಯ. ಅವನ ಕಾರು ಕಪ್ಪು ಬಣ್ಣದ್ದು. ಅದೇ ಕಂಪನಿಯ ಅದೇ ಕಾರು ಎರಡು ಬಗೆಯಲ್ಲಿ ಬರುತ್ತದೆ. ಒಂದನ್ನು ಮೇಷ್ಟ್ರುಗಳು, ಸಣ್ಣ ಅಂಗಡಿಯವರು ಕೊಳ್ಳುತ್ತಾರೆ. ಇನ್ನೊಂದರ ಎಂಜಿನ್ ಬೇರೆ. ಅದರಲ್ಲಿ ಕಾಲು ಊರಿದರೆ ರಸ್ತೆ ಸಾಲುವುದಿಲ್ಲ. ಹೊರಗೆ ನಿಂತು ನೋಡುವವನಿಗೆ ಎರಡಕ್ಕೂ ಇರುವ ವ್ಯತ್ಯಾಸ ಹಿಂಬದಿಯ ಆ ಮೂರು ಅಕ್ಷರ ಮಾತ್ರ.

ಸೋಮವಾರ ಬೆಳಿಗ್ಗೆ ಬೈಪಾಸಿನಲ್ಲಿ ಫಕ್ಕೀರಪ್ಪ ಎಂಬ ಬುಟ್ಟಿ ಹೆಣೆಯುವವನು ಸೈಕಲ್ಲು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ. ಬರುವ ಕಾರು ಅವನ ಕಣ್ಣಿಗೆ ಬಿದ್ದಿತ್ತು. ಎಲ್ಲ ಕಾರುಗಳ ಹಾಗೆ ಅದೂ ಬರುತ್ತದೆ, ಅಷ್ಟರಲ್ಲಿ ದಾಟಿಬಿಡಬಹುದು ಎಂದುಕೊಂಡ. ಅದು ಎಲ್ಲ ಕಾರುಗಳ ಹಾಗೆ ಬರಲಿಲ್ಲ. ಸಂಗನಬಸವನ ಕಾಲು ಬ್ರೇಕಿನ ಮೇಲೆ ಹೋಯಿತು. ಹಿಂದೆ ಬುಟ್ಟಿಗಳು ರಸ್ತೆಯ ತುಂಬ ಉರುಳುವುದು ಕನ್ನಡಿಯಲ್ಲಿ ಕಂಡಿತು. ಆಮೇಲೆ ಅವನು ಬ್ರೇಕಿನಿಂದ ಕಾಲು ತೆಗೆದ.

ಫಕ್ಕೀರಪ್ಪನ ಸೊಂಟ ಮುರಿದಿದೆ. ಅವನು ಸರ್ಕಾರಿ ಆಸ್ಪತ್ರೆಯಲ್ಲಿದ್ದಾನೆ.

ನೋಡಿದವಳು ಒಬ್ಬಳೇ. ಬೈಪಾಸಿನ ಬದಿಯಲ್ಲಿ ಚಹಾ ಮಾರುವವಳು. ಪೊಲೀಸರು ಅವಳನ್ನು ಕೇಳಿದರು. “ನಂಬರ್ ಓದಿದೇನು?”

“ಓದಾಕ ಬರೂದಿಲ್ರಿ,” ಎಂದಳು ಅವಳು. “ಎಣಸಾಕ ಬರತೈತಿ. ಕರೇ ಗಾಡಿ. ಹಿಂದ ಮೂರು ಅಕ್ಷರ ಹೊಳೀತಿದ್ವು.”

ಮೂರು ಅಕ್ಷರದ ಕಪ್ಪು ಕಾರು ಆ ಊರಿನಲ್ಲಿ ಒಂದೇ ಇತ್ತು. ಅದು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಪೊಲೀಸರಿಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ಬಾಯಿ ಬಿಡುವುದು ಬೇರೆ. ಅವರು ಹೋಗಿ ಹುಲಿಗೆಪ್ಪನನ್ನು ಹಿಡಿದು ತಂದರು. ಹುಲಿಗೆಪ್ಪ ಮದುವೆಗಳಲ್ಲಿ ಫೋಟೊ ತೆಗೆಯುವವನು. ಅವನ ಬಳಿ ಇದ್ದದ್ದು ಅದೇ ಕಪ್ಪು ಕಾರು, ಸೆಕೆಂಡ್ ಹ್ಯಾಂಡಿನದು, ಸಾದಾ ಬಗೆಯದು. ಮುಂದಿನ ಬಂಪರಿನಲ್ಲಿ ಹಳೆಯ ತಗ್ಗು ಬೇರೆ ಇತ್ತು.

“ನನ್ನ ಗಾಡಿ ಹಿಂದ ಅಕ್ಷರನ ಇಲ್ರಿ ಸಾಹೇಬ್ರ. ನೋಡ್ರಿ ಬೇಕಾದ್ರ,” ಎಂದ ಹುಲಿಗೆಪ್ಪ.

“ಕಿತ್ತಿರ್ತಿ,” ಎಂದರು ಅವರು.

ಎರಡು ದಿನದಿಂದ ಅವನು ಠಾಣೆಯಲ್ಲಿದ್ದಾನೆ. ಆ ಕೆಲಸ ಹುಲಿಗೆಪ್ಪನದಲ್ಲ ಎಂದು ಹೇಳಬಲ್ಲ ಸಾಕ್ಷಿ ಊರಿಗೆ ಕಾಣುವ ಹಾಗೆ ಒಂದೇ ಉಳಿದಿತ್ತು. ಅದು ಸಂಗನಬಸವನ ಕಾರಿಗೆ ಅಂಟಿಕೊಂಡಿತ್ತು.

ಅಕ್ಷರ ಕೀಳುವುದು ದೊಡ್ಡ ಕೆಲಸವಲ್ಲ. ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಕೊಟ್ಟು, ಮೀನಿನ ಗಾಳದ ದಾರವನ್ನು ಅಕ್ಷರದ ಹಿಂದೆ ತೂರಿಸಿ ಗರಗಸದ ಹಾಗೆ ಎಳೆದರೆ ಅಂಟು ಬಿಡುತ್ತದೆ. ಅರ್ಧ ಗಂಟೆಯ ಮಾತು. ಸಂಗನಬಸವ ದಾರವನ್ನೂ ತಂದಿಟ್ಟಿದ್ದ. ಆದರೆ ಈ ವಾರವೇ ಏಕೆ ಕಿತ್ತೆ ಎಂದು ನಾಳೆ ಯಾರಾದರೂ ಕೇಳಿದರೆ ಒಂದು ಉತ್ತರ ಬೇಕಿತ್ತು. ಗುರುಗಳ ಅಪ್ಪಣೆಯಾಯಿತು ಎಂಬುದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅದಕ್ಕೆ ನಲವತ್ತು ಜನರ ಸಾಕ್ಷಿಯೂ ಸಿಗುತ್ತಿತ್ತು. ಅವನು ಕೇಳಲು ಬಂದದ್ದು ಉಪದೇಶವನ್ನಲ್ಲ, ಒಂದು ತಲೆದೂಗನ್ನು.

ಗುರು ತಲೆದೂಗಲಿಲ್ಲ. ತಲೆ ಎತ್ತಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು.

“ಆ ಫ್ಯಾನಿನ ಮ್ಯಾಲೂ ನಿನ್ನ ಹೆಸರೈತಿ. ಮೂರೂ ರೆಕ್ಕಿ ಮ್ಯಾಲ ಬರಸೀದಿ. ಅದನ್ನೂ ಅಳಸೂಣೇನು?”

ಸಭೆಯಲ್ಲಿ ಸಣ್ಣಗೆ ನಗು ಎದ್ದಿತು. ಸಂಗನಬಸವನೂ ನಕ್ಕ.

“ಅದು ಮಠಕ್ಕ ಕೊಟ್ಟ ಸೇವಾದ ಹೆಸರ್ರಿ ಅಜ್ಜಾರ. ಅದು ಇರಲಿ.”

“ಹಂಗಾದ್ರ ನಿನ್ನ ಹೆಸರಿನ ಮ್ಯಾಲ ನಿನಗ ಸಿಟ್ಟಿಲ್ಲ,” ಎಂದರು ಗುರು. “ಗಾಡಿ ಹೆಸರಿನ ಮ್ಯಾಲಷ್ಟ ಐತಿ. ಕೂಡು. ಒಂದು ಕತಿ ಐತಿ.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಗೌಡನಿದ್ದ. ಅವನಲ್ಲಿ ಒಂದು ಕೆಂಪು ಹೋರಿ ಇತ್ತು. ಅದು ಓಡಲು ನಿಂತರೆ ಹಿಡಿಯುವವರಿರಲಿಲ್ಲ. ಆ ಊರಿನಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಓಡುವ ದನದ ಕೊರಳಿಗೆ ಗಂಟೆ ಕಟ್ಟಬೇಕು, ನಡೆಯುವ ದನಕ್ಕೆ ಬೇಡ. ಗೌಡನ ಹೋರಿಗೆ ಊರಿನಲ್ಲೇ ದೊಡ್ಡ ಗಂಟೆ ಇತ್ತು. ಅದರ ಸದ್ದು ಕೇಳಿದರೆ ಮುದುಕರು ಗೋಡೆಗೆ ಆತುಕೊಳ್ಳುತ್ತಿದ್ದರು. ನೀರು ಹೊತ್ತವರು ನಿಂತುಬಿಡುತ್ತಿದ್ದರು. ಹೋರಿ ಹೋದ ಮೇಲೆ ಎಲ್ಲರೂ ತಮ್ಮ ದಾರಿ ಹಿಡಿಯುತ್ತಿದ್ದರು.

ಒಂದು ದಿನ ಗೌಡನಿಗೆ ವಿನಯ ಬಂತು. ಈ ಗಂಟೆ ನನ್ನ ದೊಡ್ಡಸ್ತಿಕೆಯನ್ನು ಬೀದಿಬೀದಿಯಲ್ಲಿ ಕೂಗುತ್ತದೆ, ನನಗೆ ಇದು ಬೇಡ ಎಂದ. ಗಂಟೆ ಕಳಚಿ ಅಟ್ಟದ ಮೇಲಿಟ್ಟ. ಊರು ಕೊಂಡಾಡಿತು. ಇಷ್ಟು ದೊಡ್ಡವರು ಎಷ್ಟು ಸರಳ ನೋಡಿ ಎಂದಿತು.

ಇಷ್ಟು ಕೇಳಿದಾಗ ಸಂಗನಬಸವನ ಹೆಗಲು ಸಡಿಲವಾಯಿತು. ಗುರುಗಳು ತನ್ನ ಕಡೆಗೇ ಇದ್ದಾರೆ ಎನ್ನಿಸಿತು. ಅವನು ಪಕ್ಕದವನ ಕಡೆ ನೋಡಿದ. ಪಕ್ಕದವನು ನೆಲ ನೋಡುತ್ತಿದ್ದ.

ಆರು ತಿಂಗಳು ಕಳೆಯಿತು. ಒಬ್ಬ ಬಳೆಗಾರ್ತಿ ಓಣಿಯಲ್ಲಿ ಹೋಗುತ್ತಿದ್ದಳು. ಬೆನ್ನ ಮೇಲೆ ಬಳೆಯ ಮಲಾರವಿತ್ತು. ಹೋರಿ ಹಿಂದಿನಿಂದ ಬಂತು. ಅವಳಿಗೆ ಏನೂ ಕೇಳಲಿಲ್ಲ. ಬೆನ್ನುಮೂಳೆ ಮುರಿಯಿತು. ಓಣಿಯ ತುಂಬ ಬಳೆಚೂರು ಬಿದ್ದಿತ್ತು. ಎಚ್ಚರವಾದಾಗ ಅವಳು ಎರಡೇ ಮಾತು ಹೇಳಿದಳು.

“ಕೆಂಪು ದನ. ಗಂಟಿ ಇರಲಿಲ್ಲ.”

ಆ ಊರಿನಲ್ಲಿ ಕೆಂಪು ದನ ಎರಡಿದ್ದವು. ಗೌಡನದೊಂದು, ಕುಂಬಾರನದೊಂದು. ಕುಂಬಾರನದು ಮಣ್ಣು ಹೊರುವ ಮುದಿ ಎತ್ತು. ಅದಕ್ಕೆ ಎಂದೂ ಗಂಟೆ ಕಟ್ಟಿರಲಿಲ್ಲ. ಕಟ್ಟುವ ಕಾರಣವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಾವಡಿಯ ಮುಂದೆ ಪಂಚಾಯಿತಿ ಸೇರಿತು. ಊರಿನ ಹಿರಿಯನಾದ್ದರಿಂದ ಗೌಡನೇ ನ್ಯಾಯ ಹೇಳಲು ಕೂತ. ಎರಡೂ ದನಗಳನ್ನು ಹಿಡಿದು ತಂದು ನಿಲ್ಲಿಸಿದರು. ಗೌಡನ ಹೋರಿ ತಲೆ ಅಲ್ಲಾಡಿಸಿತು. ಗಣಗಣ ಎಂದಿತು. ಅಟ್ಟದ ಮೇಲಿದ್ದ ಗಂಟೆ ರಾತ್ರಿ ಕಳೆಯುವಷ್ಟರಲ್ಲಿ ಕೊರಳಿಗೆ ಬಂದಿತ್ತು. ಆರು ತಿಂಗಳು ಅವನ ಸರಳತನವನ್ನು ಹೊಗಳಿದ್ದ ಊರು ಆ ಗಂಟೆಯ ಸದ್ದನ್ನು ಕೇಳಿತು. ಕೇಳಿ ಸುಮ್ಮನಿತ್ತು.

ಕುಂಬಾರ ಎದ್ದು ನಿಂತ.

“ನನ್ನ ಎತ್ತು ನೊಣಾ ಹೊಡಕೊಳ್ಳಾಕ ಬಾಲಾ ಎತ್ತೂದಿಲ್ರಿ. ಅದು ಓಡಿದ್ದು ಖರೇ ಅಂದ್ರ ಊರಿಗೆಲ್ಲ ಹೋಳಿಗಿ ಊಟಾ ಹಾಕತೇನಿ.”

ಯಾರೋ ನಕ್ಕರು. ಗೌಡನೂ ನಕ್ಕ. ಕುಂಬಾರ ನಗಲಿಲ್ಲ. ಅವನು ದಿನವೂ ದನದ ಮೈ ತಿಕ್ಕುವವನು. ಗೌಡನ ಹೋರಿಯ ಕೊರಳಿಗೆ ಬೆರಳು ತೋರಿಸಿದ.

“ಯಾವಾಗ್ಲೂ ಗಂಟಿ ಕಟ್ಟಿದ ಕೊರಳಾಗ ಹಗ್ಗದ ಕೆಳಗ ಕೂದಲ ಇರೂದಿಲ್ರಿ. ತಿಕ್ಕಿ ತಿಕ್ಕಿ ಚರ್ಮ ಬೋಳಾಗಿರತೈತಿ. ಈ ಹಗ್ಗ ಒಂದೀಟು ಎತ್ತಿ ನೋಡ್ರಿ. ಕೂದಲ ಬೆಳದೈತೋ ಇಲ್ಲೋ ನೋಡ್ರಿ. ನಾ ಮುಟ್ಟಿದ್ರ ನಾನ ಏನೋ ಮಾಡ್ದೆ ಅಂತೀರಿ. ನಿಮ್ಮಾಗ ಯಾರರ ಒಬ್ರು ಏಳ್ರಿ.”

ಹೋರಿ ಕೈಗೆಟುಕುವಷ್ಟು ಹತ್ತಿರ ನಿಂತಿತ್ತು. ಎರಡು ಬೆರಳು ಸಾಕಿತ್ತು. ಯಾರೂ ಏಳಲಿಲ್ಲ. ಒಬ್ಬ ಗೌಡನ ಹೊಲ ಮಾಡುತ್ತಿದ್ದ. ಒಬ್ಬನ ಮಗಳ ಮದುವೆಗೆ ಗೌಡ ಬರುವುದಿತ್ತು. ಒಬ್ಬನಿಗೆ ಯಾವ ಕಾರಣವೂ ಇರಲಿಲ್ಲ. ಎಲ್ಲರೂ ಕೂತಿದ್ದಾರೆಂದು ಅವನೂ ಕೂತಿದ್ದ.

ಗುರು ಇಲ್ಲಿ ಸ್ವಲ್ಪ ನಿಲ್ಲಿಸಿದರು. ಸಂಗನಬಸವ ಬಾಗಿಲ ಕಡೆ ನೋಡಿದ. ಅವನು ಕಾರನ್ನು ಮಠದ ಅಂಗಳದಲ್ಲಿ, ಸೋಮವಾರ ಒಡೆದ ಮುಂದಿನ ದೀಪ ಕಾಣದ ಹಾಗೆ, ಮುಖವನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದ. ಮುಖ ಗೋಡೆಗೆ ಹೋದ ಮೇಲೆ ಬೆನ್ನು ಬಾಗಿಲಿಗೆ ಬಂದಿತ್ತು. ಅದು ಅವನಿಗೆ ಹೊಳೆದಿರಲಿಲ್ಲ. ಈಗ ಬಿಸಿಲು ಮೂರು ಅಕ್ಷರಗಳ ಮೇಲೆ ನೇರವಾಗಿ ಬಿದ್ದಿತ್ತು. ಒಳಗೆ ಬಂದ ನಲವತ್ತು ಮಂದಿಯೂ ಅದನ್ನು ದಾಟಿಯೇ ಬಂದಿದ್ದರು.

ಗುರು ಮುಂದುವರಿಸಿದರು.

ಪಂಚರು ಎತ್ತನ್ನು ಕೊಲ್ಲಬೇಕು ಎಂದರು. ಗೌಡ ಕೈ ಎತ್ತಿ ತಡೆದ.

“ಬ್ಯಾಡ. ಬಡವನ ದನ. ಕೊಂಬು ಕೊಯ್ಸಿ ಬಿಟ್ಟುಬಿಡ್ರಿ, ಸಾಕು.”

ಊರು ಮತ್ತೆ ಕೊಂಡಾಡಿತು. ಎಂಥ ದಯೆ ಎಂದಿತು.

 ಸಂಗನಬಸವ ಅದೇ ದಿನ ಬೆಳಿಗ್ಗೆ, ಮಠಕ್ಕೆ ಬರುವ ಮುಂಚೆ, ಆಳಿನ ಕೈಯಲ್ಲಿ ಆಸ್ಪತ್ರೆಗೆ ಹಣ್ಣು ಕಳಿಸಿದ್ದ. ಹುಡುಗ ಬಡವನಿದ್ದಾನೆ, ಹೊಡೆಯಬೇಡಿ ಎಂದು ಠಾಣೆಗೆ ಫೋನು ಮಾಡಿದ್ದ. ಫೋನು ಇಟ್ಟ ಮೇಲೆ ತಾನು ಒಳ್ಳೆಯವನೇ ಎಂದು ಅವನಿಗೆ ಅನ್ನಿಸಿತ್ತು.

ಎತ್ತಿನ ಕೊಂಬನ್ನು ಬುಡದವರೆಗೆ ಕೊಯ್ದರು. ರಕ್ತ ನಿಲ್ಲಲಿಲ್ಲ. ಗಾಯಕ್ಕೆ ಹುಳ ಬಿತ್ತು. ಒಂಬತ್ತನೆಯ ದಿನ ಎತ್ತು ಸತ್ತಿತು. ಕುಂಬಾರ ಕೆಲವು ದಿನ ಮಣ್ಣನ್ನು ತಲೆಯ ಮೇಲೆ ಹೊತ್ತ. ಆಮೇಲೆ ಚಕ್ರವನ್ನು ಬಾವಿಗೆ ಹಾಕಿ ಊರು ಬಿಟ್ಟ. ಮುಂದೆ ಆ ಊರಿನಲ್ಲಿ ಸತ್ತವನ ಮುಂದೆ ಹಿಡಿಯಲು ಮಡಕೆ ಸಿಗಲಿಲ್ಲ. ಬಳೆಗಾರ್ತಿ ಎಂದೂ ಏಳಲಿಲ್ಲ. ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು. ಗಂಟೆ ಕೇಳಿದ್ದರೆ ಗೋಡೆಗೆ ಆತುಕೊಳ್ಳುತ್ತಿದ್ದೆ ಎನ್ನುತ್ತಿದ್ದಳು. ಒಂದು ತಿಂಗಳಾದ ಮೇಲೆ ಗೌಡನಿಗೆ ಮತ್ತೆ ವಿನಯ ಬಂತು. ಗಂಟೆಯನ್ನು ಮತ್ತೆ ಅಟ್ಟದ ಮೇಲಿಟ್ಟ.

ಕತೆ ಅಲ್ಲಿಗೆ ನಿಂತಿತು. 

ಸಂಗನಬಸವ ಏನಾದರೂ ಹೇಳಲೇಬೇಕಿತ್ತು. ನಲವತ್ತು ಜೋಡಿ ಕಣ್ಣು ಅವನ ಬೆನ್ನಿನ ಮೇಲಿದ್ದವು.

“ಅದು ದನದ ಕತಿ ಆತ್ರಿ ಅಜ್ಜಾರ,” ಎಂದ. “ನಾ ಕೇಳಿದ್ದು ಗಾಡೀದು. ಅಕ್ಷರ ಇಡಲೋ, ಕೀಳಲೋ?”

“ಕೀಳು,” ಎಂದರು ಗುರು. “ಮದಲು ಠಾಣೆ ಮುಂದ ಗಾಡಿ ನಿಲ್ಲಸು. ಹುಲಿಗೆಪ್ಪ ಹೊರಗ ಬರಲಿ. ಆಮ್ಯಾಲ ಅವನ ಎದರಿಗೆ ಕೀಳು.”

ಆ ಹೆಸರು ಸಭೆಯಲ್ಲಿ ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಸಂಗನಬಸವನ ಕೈ ಜೇಬಿಗೆ ಹೋಯಿತು. ಅಲ್ಲಿ ಕಾರಿನ ಕೀಲಿ ಇತ್ತು. ಅದರ ಪಕ್ಕದಲ್ಲಿ ಗಾಳದ ದಾರದ ಸುರುಳಿ ಇತ್ತು. ಅವನು ಎರಡನ್ನೂ ಮುಟ್ಟಿದ. ಯಾವುದನ್ನೂ ತೆಗೆಯಲಿಲ್ಲ. ಕೂತೇ ಇದ್ದ.

ಕೊನೆಯ ಸಾಲಿನಲ್ಲಿ, ಚಪ್ಪಲಿ ಬಿಡುವ ಜಾಗದ ಹತ್ತಿರ, ಒಬ್ಬ ಹೆಂಗಸು ಗೋಡೆಗೆ ಒರಗಿದ್ದಳು. ಎರಡು ದಿನ ಠಾಣೆಯ ಕಟ್ಟೆಯ ಮೇಲೆ ಕೂತಿದ್ದು, ಅಲ್ಲಿಂದ ನೇರ ಮಠಕ್ಕೆ ನಡೆದು ಬಂದಿದ್ದಳು. ಅವಳು ಹುಲಿಗೆಪ್ಪನ ಹೆಂಡತಿ ದುರುಗವ್ವ. ಅವಳ ಪಕ್ಕದ ಜಾಗ ಖಾಲಿ ಇತ್ತು. ಅವಳ ಹತ್ತಿರ ಕೂರಲು ಯಾರಿಗೂ ಆಗಿರಲಿಲ್ಲ. ಅವಳು ಅಳಲಿಲ್ಲ. ಸಂಗನಬಸವನನ್ನು ನೋಡಲೂ ಇಲ್ಲ. ಕತೆಯ ಬಗ್ಗೆಯೇ ಕೇಳಿದಳು.

“ಅಜ್ಜಾರ, ಅಷ್ಟು ಮಂದ್ಯಾಗ ಹಗ್ಗಾ ಎತ್ತಾಕ ಒಬ್ರೂ ಏಳಲಿಲ್ಲೇನ್ರಿ?”

ಗುರು ಅವಳನ್ನು ನೋಡಿದರು. ಬಾಗಿಲಾಚೆ ನಿಂತಿದ್ದ ಕಾರನ್ನು ನೋಡಿದರು. ಆಮೇಲೆ ಕೂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದರು. 

“ಇನ್ನೂ ಯಾರೂ ಎದ್ದಿಲ್ಲವ್ವ, ಗಾಡಿ ಬಾಗಿಲದಾಗ ಐತಿ, ಠಾಣೆ ದೂರ ಇಲ್ಲ, ಏಳ್ರಿ.”