ಎರೆಹುಳುವಿನ ಕರುಣೆ

ಒಳಗೊಳಗೇ ಕಾದು ಹಬೆಯಾಡುತ್ತಿದ್ದ ತಿಪ್ಪೆಯಿಂದ ಕಳೆಯ ಬೀಜವೊಂದು ಉರುಳಿ, ಪಕ್ಕದ ಎರೆಗೊಬ್ಬರದ ತೊಟ್ಟಿಗೆ ಬಿತ್ತು.

“ಅದನ್ನು ಇತ್ತ ಎಸೆ. ಕಳೆ ಅದು, ಬೇಯಿಸಿಬಿಡುತ್ತೇನೆ,” ಎಂದಿತು ತಿಪ್ಪೆ.

“ನಿನ್ನದು ಬರೀ ಸುಡುವ ಬುದ್ಧಿ. ನಾನು ಯಾರ ಜೀವವನ್ನೂ ತೆಗೆಯುವವನಲ್ಲ,” ಎಂದಿತು ತೊಟ್ಟಿಯ ಎರೆಹುಳು. ಬೀಜವನ್ನು ನುಂಗಿ, ಒಂದು ಗೀರೂ ಬೀಳದಂತೆ ಗೊಬ್ಬರದೊಂದಿಗೆ ಹೊರಬಿಟ್ಟಿತು.

ಆ ಗೊಬ್ಬರವನ್ನು ತೋಟದವಳು ಬದನೆ ಸಸಿಯ ಬುಡಕ್ಕೆ ಹಾಕಿದಳು. ಕಳೆ ಮೊಳೆತು, ಹಬ್ಬಿ, ಸಸಿಯ ನೀರನ್ನೂ ಬಿಸಿಲನ್ನೂ ಕಿತ್ತುಕೊಂಡಿತು. ಬಾಡಿದ ಸಸಿಯನ್ನು ತೋಟದವಳು ತಂದು ತೊಟ್ಟಿಗೇ ಎಸೆದಳು.

“ನೀನು ಉಳಿಸಿದ ಬೀಜವೇ ನನ್ನನ್ನು ಕೊಂದಿತು,” ಎಂದಿತು ಸಸಿ, ಕೊನೆಯುಸಿರಿನಲ್ಲಿ.

“ಅಯ್ಯೋ ಪಾಪ! ನಾನಂತೂ ಯಾರಿಗೂ ಕೇಡು ಬಗೆದವನಲ್ಲ,” ಎಂದ ಎರೆಹುಳು, ಸಸಿ ಕೊಳೆತು ಮೆತ್ತಗಾಗಲೆಂದು ಅದರ ಪಕ್ಕದಲ್ಲೇ ಕಾಯತೊಡಗಿತು.