ಗಂಟಿನ ಕೆಳಗಿನ ಕೊಂಬೆ

"ಗುರುಗಳೇ, ಗುಲಾಬಿ ಗಿಡ ಸವರಿ ಬಾ ಎಂದಿರಿ. ಕತ್ತರಿ ಹಿಡಿದು ನಿಂತೆ, ಕೈ ಏಳಲಿಲ್ಲ. ಅದು ನನ್ನ ತಾಯಿ ನೆಟ್ಟು ಹೋದ ಗಿಡ. ಪ್ರೀತಿಯ ವಸ್ತುವಿಗೆ ಕತ್ತರಿ ಹಾಕುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಕತ್ತರಿಯನ್ನು ವಾಪಸ್ಸು ಪಡೆಯಲಿಲ್ಲ. ಕೂತುಕೋ ಎಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಊರ ಹೆಂಗಸರ ಕೈ ಹಿಂಡಿ ಹಿಂಡಿ ಬಳೆ ತೊಡಿಸುವವನು, ಹೆಂಡತಿ ಗುಲಾಬಿ ಸವರುವಾಗ ಮಾತ್ರ ನೋಡಲಾರದೆ ಒಳಗೆ ಓಡಿಹೋಗುತ್ತಿದ್ದ. ಆ ಗಿಡದ ಬೇರು ಕಾಡು ಗುಲಾಬಿಯದು, ಮೇಲಿನ ಕಾಂಡ ಕಸಿ ಕಟ್ಟಿದ ಕೆಂಪು ಗುಲಾಬಿಯದು. ಎರಡೂ ಕೂಡಿದ ಕಡೆ ಒಂದು ಗಂಟು. ಮಳೆಗಾಲ ಮುಗಿದೊಡನೆ ಅವಳು ಒಣಗಿದ್ದನ್ನೂ ಒಳಮುಖ ಬೆಳೆದದ್ದನ್ನೂ ತೆಗೆದುಹಾಕುತ್ತಿದ್ದಳು. "ಗಂಟಿನ ಕೆಳಗೆ ಚಿಗುರಿದ್ದು ನಮ್ಮದಲ್ಲ ರೀ, ಬುಡದಲ್ಲೇ ಕೀಳಬೇಕು" ಎಂದು ಕೂಗಿ ಹೇಳುತ್ತಿದ್ದಳು. ಅವನು ಕಿವಿಯನ್ನೂ ಮುಚ್ಚಿಕೊಂಡಿರುತ್ತಿದ್ದ.

ಅವಳು ತೀರಿಕೊಂಡಳು. ಬಳೆಗಾರ ಕತ್ತರಿಯನ್ನು ಬಾವಿಗೆ ಎಸೆದ. ಅವಳದೆಂದು ಜೀವಂತವಾಗಿ ಉಳಿದಿರುವುದು ಈ ಗಿಡವೊಂದೇ, ಇದರ ಒಂದು ಎಲೆಯೂ ಹೋಗಬಾರದು ಎಂದುಕೊಂಡ.

ಗಿಡಕ್ಕೆ ಅಷ್ಟೇ ಬೇಕಿತ್ತು. ಗೋಡೆ ಹತ್ತಿತು. ಒಂದು ಮಧ್ಯಾಹ್ನ ಅವಳ ಕೋಣೆಯ ಕಿಟಕಿ ಟಕಟಕ ಎಂದಿತು. ನೋಡಿದರೆ ಕೊಂಬೆ. ಅವನು ಕಿಟಕಿ ತೆರೆದ, ಅದು ಒಳಗೆ ಬಂತು. ಅವಳ ಹಸಿರು ಬಳೆಗಳನ್ನು ಅದಕ್ಕೆ ತೊಡಿಸಿದ. ಅಳತೆ ಸರಿಯಾಗಿತ್ತು. ಕೊಂಬೆ ಮಂಚದ ಮೇಲೆ ಚಾಚಿಕೊಂಡಿತು, ಅವನು ಚಾಪೆಗೆ ಇಳಿದ. ಮುಳ್ಳು ಗೀರಿದರೆ, ಮುನಿಸಿಕೊಂಡಿದ್ದಾಳೆ ಎಂದುಕೊಂಡ. ಹೂ ಮಾತ್ರ ಒಂದೂ ಬಿಡಲಿಲ್ಲ. ಪಾಪ, ಗಿಡಕ್ಕೂ ದುಃಖ ಎಂದುಕೊಂಡ.

ಹೆಂಡತಿಯ ತಂಗಿ ನೋಡಲು ಬಂದಳು. ಕೊಂಬೆಗಳ ಅಡಿಯಲ್ಲಿ ನುಸುಳಿ ಒಳಗೆ ಬರಬೇಕಾಯಿತು.

"ಏನು ಭಾವ, ಮಂಚ ಗಿಡಕ್ಕೆ, ಚಾಪೆ ನಿಮಗೋ? ಇನ್ನು ಅದಕ್ಕೆ ಕಾಫಿ ಕಾಸಿ ಕೊಡೋದೊಂದು ಬಾಕಿ."

"ಮೆಲ್ಲಗೆ ಮಾತಾಡಮ್ಮ. ನಿಮ್ಮಕ್ಕನಿಗೆ ಕೇಳಿಸುತ್ತೆ."

ಅವಳ ನಗು ನಿಂತುಹೋಯಿತು. ಒಂದು ಎಲೆಯನ್ನು ಮುಟ್ಟಿ ನೋಡಿದಳು. "ಭಾವ, ಅಕ್ಕನ ಗುಲಾಬಿ ಎಲೆ ಇಷ್ಟು ಸಣ್ಣದಿರಲಿಲ್ಲ" ಎಂದಳು.

ಇಬ್ಬರೂ ಹೊರಗೆ ಹೋಗಿ, ಕೊಂಬೆಯ ಜಾಡು ಹಿಡಿದು ಬುಡಕ್ಕೆ ಬಂದರು. ಅದು ಗಂಟಿನ ಕೆಳಗಿಂದ ಎದ್ದಿತ್ತು. ಅದೊಂದೇ ಅಲ್ಲ, ಮನೆಯನ್ನು ಸುತ್ತಿಕೊಂಡಿದ್ದ ಪ್ರತಿಯೊಂದು ಕೊಂಬೆಯೂ ಅಲ್ಲಿಂದಲೇ ಎದ್ದಿತ್ತು. ಗಂಟಿನ ಮೇಲೆ, ಹೆಂಡತಿಯ ಗುಲಾಬಿ ಇದ್ದ ಜಾಗದಲ್ಲಿ, ಬೆರಳುದ್ದದ ಕಪ್ಪು ಕಡ್ಡಿಯೊಂದಿತ್ತು. ಬಳೆಗಾರ ಮುಟ್ಟಿದ. ಪುಡಿಯಾಯಿತು. ಅದು ಸತ್ತು ಎಷ್ಟೋ ಕಾಲವಾಗಿತ್ತು.

"ಹಾಗಾದರೆ ಒಳಗೆ ಮಲಗಿರುವುದು ಯಾರು?" ಎಂದು ಅವನು ಕೇಳಿದ.

ಕೋಣೆಯಲ್ಲಿ ಬಳೆ ಸದ್ದಾಯಿತು. ಎಲ್ಲೂ ಗಾಳಿ ಇರಲಿಲ್ಲ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ ಹತ್ತಿರಕ್ಕೆ ಸರಿದು, "ಆಮೇಲೆ? ಕಡಿದು ಹಾಕಿದನೇ?" ಎಂದ.

"ನಿನ್ನ ತಾಯಿಯ ಗಿಡ ಕೊನೆಯ ಸಲ ಹೂ ಬಿಟ್ಟದ್ದು ಯಾವಾಗ?" ಎಂದರು ಗುರುಗಳು.

ಶಿಷ್ಯ ಕತ್ತರಿ ಹಿಡಿದು ಎದ್ದ, ಗಿಡದ ಬುಡದಲ್ಲಿ ಗಂಟು ಹುಡುಕಲು ಹೋದ.